ಜೇಡಿಯಿಲ್ಲದ ಮಣ್ಣು: ಬಿಕಿನಿಯ ತೆಂಗಿನೊಳಗೆ ಸೀಸಿಯಂ ಹೇಗೆ ಬಂತು, ಹೇಗೆ ಇಳಿಸಿದರು

(ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ನಕ್ಷೆಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದೆ.)

ಒಂದು ಅನುಪಾತದಿಂದ ಶುರು ಮಾಡೋಣ. ಒಂದು ಕಿಲೋ ಒಣ ಮಣ್ಣಿನಲ್ಲಿ ಇರುವ ಸೀಸಿಯಂ-137 (ಅಣುಬಾಂಬು ಸಿಡಿದಾಗ ಹುಟ್ಟುವ ವಿಕಿರಣಶೀಲ ಧಾತು) ಎಷ್ಟು, ಅದೇ ಮಣ್ಣಿನಲ್ಲಿ ಬೆಳೆದ ಫಸಲಿನ ಒಂದು ಕಿಲೋ ಒಣ ತೂಕದಲ್ಲಿ ಇರುವುದು ಎಷ್ಟು? ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಸಿಗುವುದಕ್ಕೆ ವರ್ಗಾವಣೆ ಗುಣಾಂಕ ಎನ್ನುತ್ತಾರೆ. ಜೇಡಿ ಚೆನ್ನಾಗಿರುವ ಹೊಲದಲ್ಲಿ ಇದು ಸಾಮಾನ್ಯವಾಗಿ ನೂರರಲ್ಲೊಂದು ಪಾಲು, ಹೆಚ್ಚೆಂದರೆ ಹತ್ತರಲ್ಲೊಂದು. ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ ಇದೇ ಗುಣಾಂಕ ಒಂದನ್ನೂ ದಾಟುತ್ತದೆ. ಮಣ್ಣಿನಲ್ಲಿ ಇರುವುದಕ್ಕಿಂತ ತೆಂಗಿನ ತಿರುಳಿನಲ್ಲೇ ಸೀಸಿಯಂ ಸಾಂದ್ರ ಎಂದಾಯಿತು. ಇವತ್ತಿನ ಮಾತೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ.

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. 1946ರಿಂದ 1958ರವರೆಗೆ ಅಮೆರಿಕ ಮಾರ್ಷಲ್ ದ್ವೀಪಗಳಲ್ಲಿ 67 ಅಣ್ವಸ್ತ್ರ ಪರೀಕ್ಷೆ ನಡೆಸಿತು. ಅದರಲ್ಲಿ 23 ಬಿಕಿನಿ ಎಂಬ ಹವಳ ದ್ವೀಪಗಳ ಗುಂಪಿನಲ್ಲಿ, ಉಳಿದವು ಬಹುತೇಕ ಅಂಥದ್ದೇ ಇನ್ನೊಂದು ಗುಂಪಾದ ಎನಿವೆಟಾಕ್‌ನಲ್ಲಿ. 1954ರ ಮಾರ್ಚ್ 1ರಂದು ಸಿಡಿಸಿದ 'ಬ್ರಾವೊ' ಬಾಂಬು 15 ಮೆಗಾಟನ್. ಲೆಕ್ಕ ಹಾಕಿದ್ದು ಅದರ ಅರ್ಧಕ್ಕೂ ಕಡಿಮೆ. ಸ್ಫೋಟದಲ್ಲಿ ಬೆಂದ ಹವಳ ಸುಣ್ಣದ ಪುಡಿಯಾಗಿ ಪೂರ್ವಕ್ಕೆ ತೇಲಿತು, ರೊಂಗೆಲಾಪ್‌ನಲ್ಲಿದ್ದ 64 ಜನರ ಮೇಲೆ, ಐಲಿಂಗಿನೇಯಲ್ಲಿದ್ದ 18 ಜನರ ಮೇಲೆ ಬಿತ್ತು, ಯುಟಿರಿಕ್‌ವರೆಗೂ ಹೋಯಿತು. ಅವತ್ತಿನ ವಿಕಿರಣದ್ದು, ಅಯೋಡಿನ್ನಿಂದಾದ ಥೈರಾಯ್ಡ್ ಕಾಯಿಲೆಯದ್ದು ಬೇರೆಯೇ ಕಥೆ. ಇಲ್ಲಿ ನಮಗೆ ಬೇಕಾದದ್ದು ಅಯೋಡಿನ್ ಕರಗಿಹೋದ ಎಷ್ಟೋ ವರ್ಷಗಳ ಮೇಲೂ ಮಣ್ಣಿನಲ್ಲಿ ಉಳಿದುಕೊಂಡದ್ದು.

ಹಾಗೆ ಉಳಿದವು ನಾಲ್ಕು: ಸೀಸಿಯಂ-137, ಅರ್ಧಾಯುಷ್ಯ (ಇದ್ದದ್ದು ಕ್ಷಯಿಸಿ ಅರ್ಧವಾಗಲು ಬೇಕಾದ ಕಾಲ) ಸುಮಾರು 30 ವರ್ಷ. ಸ್ಟ್ರಾನ್ಷಿಯಂ-90, ಸುಮಾರು 29 ವರ್ಷ. ಪ್ಲುಟೋನಿಯಂ-239, 24,000 ವರ್ಷ. ಅಮೆರಿಸಿಯಂ-241, 432 ವರ್ಷ. ಕೇಳಿದ ಕೂಡಲೇ ಎಲ್ಲರಿಗೂ ಭಯ ಹುಟ್ಟುವುದು ಮೂರನೆಯದರ ಮೇಲೆ. ಊಟದ ಲೆಕ್ಕದಲ್ಲಿ ಮಾತ್ರ ಭಯಪಡಬೇಕಾದದ್ದು ಮೊದಲನೆಯದಕ್ಕೆ.

ಹವಳ ದ್ವೀಪದ ಮಣ್ಣು ನಾವು ಮಣ್ಣು ಎನ್ನುವಂಥದ್ದಲ್ಲ. ಹವಳ, ಚಿಪ್ಪು, ಪಾಚಿಯ ಸುಣ್ಣದ ಚೂರುಗಳ ಮರಳು ಅದು. ಹೆಚ್ಚುಕಡಿಮೆ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. ಮೇಲಿನ ಒಂದಡಿಯಷ್ಟು ಪದರಕ್ಕೆ ಶತಮಾನಗಳ ಎಲೆ, ಬೇರು ಕೊಳೆತು ಕಪ್ಪು ಬಣ್ಣ ಬಂದಿರುತ್ತದೆ. ಅದರ ಕೆಳಗೆ ಬಿಳಿ ಮರಳು, ಇನ್ನೂ ಕೆಳಗೆ ಸಮುದ್ರದ ಉಪ್ಪು ನೀರಿನ ಮೇಲೆ ತೇಲುವ ತೆಳು ಸಿಹಿನೀರಿನ ಪೊರೆ. ಬಂಡೆ ಸವೆದು ಜೇಡಿಯಾಗಲು ಅಲ್ಲಿ ಬಂಡೆಯೇ ಇಲ್ಲ.

ಜೇಡಿಯಲ್ಲಿ ಏನಿದೆ ಎಂದರೆ, ಕಾಗೆಬಂಗಾರದ ಹಾಗೆ ಹಾಳೆ ಹಾಳೆಯಾಗಿ ಇರುವ ಖನಿಜಗಳಿವೆ. ಇಲ್ಲೈಟ್ ಎಂಬುದು ಅದರಲ್ಲಿ ಮುಖ್ಯ. ಹಾಳೆಗಳ ಅಂಚು ಸ್ವಲ್ಪ ಬಿಚ್ಚಿಕೊಂಡಿರುತ್ತದೆ, ಆ ಸಂದಿಯ ಅಳತೆಗೆ ಸೀಸಿಯಂ ಅಯಾನು ಸರಿಯಾಗಿ ಕೂರುತ್ತದೆ. ಒಮ್ಮೆ ಒಳಗೆ ಹೋದದ್ದನ್ನು ಬೇರು ಕೀಳಲಾರದು. ಚೆರ್ನೊಬಿಲ್ ಸುತ್ತಲ ಜೇಡಿ ಹೊಲಗಳಲ್ಲಿ ವರ್ಷ ಕಳೆದಂತೆ ಬೆಳೆಯಲ್ಲಿ ಸೀಸಿಯಂ ಇಳಿದದ್ದಕ್ಕೆ ಇದೂ ಒಂದು ಕಾರಣ. ಹವಳದ ಮಣ್ಣಿನಲ್ಲಿ ಈ ಬೀಗವೇ ಇಲ್ಲ. ಅಲ್ಲಿ ಸೀಸಿಯಂ ಕೊಳೆತ ಎಲೆಯ ಪದರಕ್ಕೆ ಸಡಿಲವಾಗಿ ಅಂಟಿಕೊಂಡಿರುತ್ತದೆ. ಬೇರು ಎಳೆದುಕೊಳ್ಳುತ್ತದೆ, ಗರಿಗೆ ಹೋಗುತ್ತದೆ, ಗರಿ ಬಿದ್ದು ಕೊಳೆತರೆ ಮತ್ತೆ ಅದೇ ಪದರಕ್ಕೆ ಬರುತ್ತದೆ.

ಎರಡನೆಯ ಕೊರತೆ ಪೊಟ್ಯಾಸಿಯಂ. ಸುಣ್ಣದ ಮರಳಿನಲ್ಲಿ ಅದು ತೀರಾ ಕಡಿಮೆ. ಸೀಸಿಯಂ, ಪೊಟ್ಯಾಸಿಯಂ ಎರಡೂ ಆವರ್ತ ಕೋಷ್ಟಕದ ಒಂದೇ ಗುಂಪಿನವು, ಗಿಡದ ಬೇರಿಗೆ ಇವುಗಳ ನಡುವಣ ವ್ಯತ್ಯಾಸ ಅಷ್ಟಾಗಿ ತಿಳಿಯದು. ಪೊಟ್ಯಾಷ್ ಸಿಗದೆ ಹಸಿದ ಗಿಡ ಅದನ್ನು ಹಿಡಿಯುವ ಸಾಗಣೆ ದಾರಿಗಳನ್ನೆಲ್ಲ ಪೂರ್ತಿ ತೆರೆದಿಡುತ್ತದೆ. ಆಗ ಸೀಸಿಯಂ ಕೂಡ ಅದೇ ಬಾಗಿಲಲ್ಲಿ ಒಳಗೆ ಬರುತ್ತದೆ. ತೆಂಗು ಅಂತೂ ಪೊಟ್ಯಾಷ್‌ಗೆ ಹೆಸರಾದ ಹಸಿವಿನ ಮರ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಫಲ ಕೊಡುವ ಒಂದು ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, ಆದರೆ 1,200 ಗ್ರಾಂ ಪೊಟ್ಯಾಷ್ ಹೇಳುತ್ತದೆ. ನಮ್ಮ ತೆಂಗಿನ ತೋಟದವರಿಗೆ ಇದು ಹೊಸದಲ್ಲ. ಬಿಕಿನಿಯ ಸಮಸ್ಯೆಯ ಅರ್ಧ ಉತ್ತರ ಈ ಅಂಕಿಯಲ್ಲೇ ಇದೆ.

ಉಳಿದ ಮೂರನ್ನು ಚುಟುಕಾಗಿ ನೋಡೋಣ. ಸ್ಟ್ರಾನ್ಷಿಯಂ ಹೋಲುವುದು ಕ್ಯಾಲ್ಸಿಯಂ ಅನ್ನು. ಹವಳದ ಮಣ್ಣಿನಲ್ಲಿ ಕ್ಯಾಲ್ಸಿಯಂಗೆ ಬರವಿಲ್ಲ, ಆದ್ದರಿಂದ ಸ್ಟ್ರಾನ್ಷಿಯಂ ಪೈಪೋಟಿಯಲ್ಲಿ ಸೋಲುತ್ತದೆ. ಸೀಸಿಯಂ ವಿಷಯದಲ್ಲಿ ಕೇಡು ಮಾಡಿದ ಮಣ್ಣೇ ಸ್ಟ್ರಾನ್ಷಿಯಂಗೆ ಅಡ್ಡಗೋಡೆ. ಚಿಪ್ಪಿನಲ್ಲಿ ಕ್ಯಾಲ್ಸಿಯಂ ಕೂಡಿಡುವ ತೆಂಗಿನ ಏಡಿ ಇದಕ್ಕೆ ಅಪವಾದ. ಆ ಏಡಿ ತೆಂಗನ್ನೇ ತಿನ್ನುವುದರಿಂದ ಮಾಂಸದಲ್ಲಿ ಸೀಸಿಯಂ ಕೂಡ ಸೇರುತ್ತದೆ. ಪ್ಲುಟೋನಿಯಂ, ಅಮೆರಿಸಿಯಂ ಬೇರಿನಿಂದ ಮೇಲೆ ಬರುವುದು ಅತ್ಯಲ್ಪ, ಅವುಗಳ ದಾರಿ ಧೂಳು. ನೆಲ ಅಗೆದಾಗ, ಗುಡಿಸಿದಾಗ ಎದ್ದು ಉಸಿರಿನಲ್ಲಿ ಹೋಗುತ್ತವೆ.

ಮೀನಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 0.4 ಗ್ರಾಂ ಪೊಟ್ಯಾಸಿಯಂ ಇದೆ. ಮೀನಿನ ಮೈಗೆ ಅದು ಬೇಕಾದಷ್ಟು, ಹಾಗಾಗಿ ಸೀಸಿಯಂ ಹೆಚ್ಚು ಕೂಡುವುದಿಲ್ಲ. ಬಾಂಬು ಬಿದ್ದ ಖಾರಿಯ ಮೀನಿಗಿಂತ ಅದರ ದಡದ ತೆಂಗಿನಕಾಯಿ ಕೆಟ್ಟದ್ದು ಎಂದರೆ ಕೇಳಿದವರಿಗೆ ತಮಾಷೆ ಅನಿಸುತ್ತದೆ. ನಿಜ ಮಾತ್ರ ಅದೇ.

ಅಲ್ಲಿಯ ಊಟದ ತಟ್ಟೆ ನಮ್ಮ ಕರಾವಳಿಯವರಿಗೆ ಅಪರಿಚಿತವಲ್ಲ. ಎಳನೀರು, ಅದರ ಗಂಜಿ, ಬಲಿತ ಕಾಯಿ. ಜೀಗುಜ್ಜೆ. ಪಪ್ಪಾಯಿ. ಮತ್ತೆ ಕೇದಗೆಯ ಕುಲದ ಒಂದು ಮರದ ಹಣ್ಣು. ಮಂಗಳೂರು ಕಡೆ ಮೂಡೆ ಕಟ್ಟುವ ಎಲೆಯೂ ಇದೇ ಕುಲದ್ದು. ನಮ್ಮಲ್ಲಿ ಹೂವಿಗೆ, ಎಲೆಗೆ ಬೆಲೆ. ಅಲ್ಲಿ ಹಣ್ಣಿನ ತೊಳೆ ಜಗಿದು ರಸ ಹೀರುತ್ತಾರೆ, ಬೇಯಿಸಿ ಒಣಗಿಸಿ ತಿಂಗಳುಗಟ್ಟಲೆ ಇಡುತ್ತಾರೆ. ಹಾಗೆ ಒಣಗಿಸಿದಾಗ ನೀರು ಹೋಗುತ್ತದೆ, ಸೀಸಿಯಂ ಹೋಗುವುದಿಲ್ಲ.

ಈಗ ತಪ್ಪು ಎಲ್ಲಿ ಆಯಿತು ಎಂಬುದಕ್ಕೆ ಬರೋಣ. 1946ರಲ್ಲಿ ಬಿಕಿನಿಯ 167 ಜನರನ್ನು ರೊಂಗೆರಿಕ್‌ಗೆ ಸಾಗಿಸಿದರು. ಅಲ್ಲಿ ಉಪವಾಸ ಬಿದ್ದ ಮೇಲೆ 1948ರಲ್ಲಿ ಕಿಲಿ ದ್ವೀಪಕ್ಕೆ. 1968ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್, ಈ ಜನ ಬಿಕಿನಿಗೆ ಮರಳಬಹುದೆಂದು ಘೋಷಿಸಿದರು. 1969ರಿಂದ ಕಸ, ಕಬ್ಬಿಣ, ಕುರುಚಲು ತೆಗೆದು ಸಾಲು ಸಾಲಾಗಿ ಹತ್ತಾರು ಸಾವಿರ ತೆಂಗಿನ ಸಸಿ ನೆಟ್ಟರು, ಮನೆ ಕಟ್ಟಿದರು. ಎಪ್ಪತ್ತರ ದಶಕದ ಆರಂಭದಲ್ಲಿ ಕೆಲವು ಕುಟುಂಬಗಳು ಬಂದವು. ಆಗ ತೆಗೆದ ಅಳತೆಗಳಲ್ಲಿ ಜನರ ಮೈಯಲ್ಲಿ ಸೀಸಿಯಂ ಕಡಿಮೆಯೇ ಇತ್ತು. ತೋಪು ಇನ್ನೂ ಫಲಕ್ಕೆ ಬಂದಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಿ. ತೆಂಗು ಫಲ ಕೊಡಲು ಆರೇಳು ವರ್ಷ ಬೇಕು. 1969–70ರಲ್ಲಿ ನೆಟ್ಟ ಮರ 1976–77ರಲ್ಲಿ ಕಾಯಿ ಕೊಟ್ಟಿತು. ಮೈಯಲ್ಲಿನ ಸೀಸಿಯಂ ಹಲವು ಪಟ್ಟು ಏರಿದ್ದು ಕಂಡದ್ದೂ 1977–78ರಲ್ಲೇ. 1978ರಲ್ಲಿ 139 ಜನರನ್ನು ಎರಡನೆಯ ಸಲ ಹೊರಗೆ ಸಾಗಿಸಬೇಕಾಯಿತು.

ಅಲ್ಲಿ ನಡೆದ ಎಡವಟ್ಟನ್ನು ತಾಂತ್ರಿಕವಾಗಿ ಹೇಳುವುದಾದರೆ, ನೆಲದ ಮೇಲಿನ ಗಾಮಾ ಕಿರಣವನ್ನು ಚೆನ್ನಾಗಿ ಅಳೆದರು, ಊಟದ ಲೆಕ್ಕವನ್ನು ಸರಿಯಾಗಿ ಹಾಕಲಿಲ್ಲ. ಹಡಗು ಬರುವುದು ತಡವಾದರೆ ಅಕ್ಕಿ, ಹಿಟ್ಟು, ಡಬ್ಬಿ ಮಾಂಸ ಮುಗಿಯುತ್ತದೆ, ಆಗ ಕೈಗೆ ಸಿಗುವುದು ತೆಂಗು ಎಂಬ ಸರಳ ಸಂಗತಿ ಕಾಗದದ ಮೇಲೆ ಬರಲಿಲ್ಲ.

ಎನಿವೆಟಾಕ್‌ನಲ್ಲಿ ಇನ್ನೊಂದು ಬಗೆಯ ತಪ್ಪು. 1977ರಿಂದ 1980ರವರೆಗೆ ಸುಮಾರು 4,000 ಅಮೆರಿಕನ್ ಸೈನಿಕರು ಮೇಲ್ಮಣ್ಣು ಕೆತ್ತಿ ರುನಿಟ್ ದ್ವೀಪದಲ್ಲಿ 1958ರ ಸ್ಫೋಟ ಮಾಡಿದ್ದ ಗುಂಡಿಗೆ ತುಂಬಿದರು. ಮೇಲೆ ಸುಮಾರು 45 ಸೆಂ.ಮೀ. ದಪ್ಪದ ಕಾಂಕ್ರೀಟ್ ಗುಮ್ಮಟ ಹಾಕಿದರು. ಗುಂಡಿಯ ತಳಕ್ಕೆ ಯಾವ ಹಾಸೂ ಇಲ್ಲ. ಹವಳ ತೂತು ತೂತಾದ ಕಲ್ಲು, ಉಬ್ಬರ-ಇಳಿತದ ಜೊತೆ ಒಳಗಿನ ನೀರೂ ಏರಿಳಿಯುತ್ತದೆ. ಇದರ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ನನಗೆ ಮುಖ್ಯ ಅನಿಸುವುದು ಬೇರೆ: ಆ ಕೆತ್ತನೆಯ ಗುರಿ ಪ್ಲುಟೋನಿಯಂ ಮತ್ತು ಅದರ ಬಳಗ. ಒಂದು ಗ್ರಾಂ ಮಣ್ಣಿನಲ್ಲಿ ಇಷ್ಟು ಪಿಕೋಕ್ಯೂರಿಗಿಂತ (ವಿಕಿರಣಶೀಲತೆಯ ಒಂದು ಅಳತೆ) ಹೆಚ್ಚಿದ್ದರೆ ಕೆತ್ತು ಎಂಬ ಮಿತಿ ಹಾಕಿದ್ದು ಅವಕ್ಕೆ. ಊಟಕ್ಕೆ ಬರುವ ಸೀಸಿಯಂ ಉತ್ತರದ ದ್ವೀಪಗಳ ಮಣ್ಣಿನಲ್ಲಿ ಉಳಿಯಿತು. 1980ರಲ್ಲಿ ಜನ ದಕ್ಷಿಣದ ದ್ವೀಪಗಳಿಗೆ ಮರಳಿದರು. ಉತ್ತರದ ಎಂಜೆಬಿಯವರು ತಮ್ಮ ದ್ವೀಪಕ್ಕೆ ಹೋಗಲಾಗಲಿಲ್ಲ.

"ಮಣ್ಣನ್ನೇ ಪೂರ್ತಿ ತೆಗೆದರೆ?" ಎಂಬುದು ಸಹಜ ಪ್ರಶ್ನೆ. ಲೆಕ್ಕ ಮಾಡಿ ನೋಡಿ. ಸೀಸಿಯಂನ ಬಹುಪಾಲು ಮೇಲಿನ 40 ಸೆಂ.ಮೀ. ಒಳಗಿದೆ. ಒಂದು ಹೆಕ್ಟೇರಿಗೆ 40 ಸೆಂ.ಮೀ. ಎಂದರೆ 4,000 ಘನಮೀಟರ್, 10 ಘನಮೀಟರಿನ ಟಿಪ್ಪರಿನಲ್ಲಿ 400 ಲೋಡು. ರುನಿಟ್ ಗುಮ್ಮಟದ ಒಳಗೆ ಒಟ್ಟು ತುಂಬಿದ್ದು ಹೆಚ್ಚುಕಡಿಮೆ ಮುಕ್ಕಾಲು ಲಕ್ಷ ಘನಮೀಟರ್, ಅದು 20 ಹೆಕ್ಟೇರಿಗೂ ಸಾಲದು. ಸುರಿಯುವುದು ಎಲ್ಲಿ? ಇನ್ನೂ ದೊಡ್ಡ ನಷ್ಟವೆಂದರೆ, ಹಾಗೆ ಕೆತ್ತಿದ ಪದರವೇ ದ್ವೀಪದ ಒಟ್ಟು ಗೊಬ್ಬರ, ಒಟ್ಟು ತೇವ. ಅದು ಹೋದರೆ ಉಳಿಯುವುದು ಬಿಳಿ ಮರಳು. ತೆಂಗಿನ ಸಸಿ ನೆಟ್ಟರೂ ಎಲೆ ಹಳದಿಗಟ್ಟುತ್ತದೆ, ಸುಣ್ಣದ ಮಣ್ಣಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಗಿಡಕ್ಕೆ ಸಿಗುವುದಿಲ್ಲ.

ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ವಿಲಿಯಂ ರಾಬಿಸನ್ ಮತ್ತು ಅವರ ತಂಡ ಎಂಬತ್ತರ ದಶಕದಲ್ಲಿ ಬಿಕಿನಿ ದ್ವೀಪದಲ್ಲೇ ಬೇರೆ ಬೇರೆ ದಾರಿಗಳನ್ನು ಪರೀಕ್ಷಿಸಿತು. ಸಮುದ್ರದ ನೀರು ಹಾಯಿಸಿ ತೊಳೆಯುವುದು, ಸೀಸಿಯಂ ಹಿಡಿಯುವ ಖನಿಜ ಬೆರೆಸುವುದು, ಬೆಳೆ ಬೆಳೆದು ಕಿತ್ತು ತೆಗೆಯುವುದು, ಮಣ್ಣು ಕೆತ್ತುವುದು, ಪೊಟ್ಯಾಷ್ ಹಾಕುವುದು. ಗೆದ್ದದ್ದು ಕೊನೆಯದು, ಅಂಗಡಿಯಲ್ಲಿ ಸಿಗುವ ಗೊಬ್ಬರ. ಹೆಕ್ಟೇರಿಗೆ 660 ಕಿಲೋ ಪೊಟ್ಯಾಸಿಯಂ ಕೊಟ್ಟಲ್ಲಿ ಎಳೆ ಕಾಯಿಯ ಗಂಜಿಯ ಸೀಸಿಯಂ ಮೊದಲಿದ್ದುದರ ಸುಮಾರು ಮೂರನೆಯ ಒಂದಕ್ಕೆ ಇಳಿಯಿತು. 1,260 ಕಿಲೋಗೆ ಐದನೆಯ ಒಂದರ ಆಸುಪಾಸು. 2,070 ಕಿಲೋಗೆ ಹತ್ತನೆಯ ಒಂದು. ಕಂತು ಕಂತಾಗಿ ಮುಂದುವರಿಸಿದಲ್ಲಿ ನೂರಕ್ಕೆ ಐದರವರೆಗೂ ಬಂತು. ಗೊಬ್ಬರ ನಿಲ್ಲಿಸಿದ ಮೇಲೂ ಪರಿಣಾಮ ವರ್ಷಗಟ್ಟಲೆ ಉಳಿಯಿತು. ಮಣ್ಣಿನಲ್ಲಿ ಸೀಸಿಯಂ ಇದ್ದೇ ಇದೆ, ಮರ ಅದನ್ನು ತೆಗೆದುಕೊಳ್ಳುವುದನ್ನು ಬಿಟ್ಟಿತು ಅಷ್ಟೆ.

ಈ ಪ್ರಮಾಣ ಎಷ್ಟು ದೊಡ್ಡದು? ನಮ್ಮ ಶಿಫಾರಸಿನ ಪ್ರಕಾರ ಒಂದು ಮರಕ್ಕೆ 1,200 ಗ್ರಾಂ. ಇದು ಆಕ್ಸೈಡಿನ ಲೆಕ್ಕ, ಇದರಲ್ಲಿ ಶುದ್ಧ ಪೊಟ್ಯಾಸಿಯಂ ಸುಮಾರು 1 ಕಿಲೋ. 7.5 ಮೀಟರ್ ಅಂತರದಲ್ಲಿ ಹೆಕ್ಟೇರಿಗೆ 175 ಮರ, ಅಂದರೆ ವರ್ಷಕ್ಕೆ 175 ಕಿಲೋ. ಬಿಕಿನಿಯ 2,000 ಕಿಲೋ ನಮ್ಮ ತೋಟದ ಹನ್ನೊಂದು-ಹನ್ನೆರಡು ವರ್ಷದ ಗೊಬ್ಬರ. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಅರ್ಧ ತೂಕ ಪೊಟ್ಯಾಸಿಯಂ, ಆದ್ದರಿಂದ ಹೆಕ್ಟೇರಿಗೆ 4 ಟನ್, 50 ಕಿಲೋದ 80 ಚೀಲ. ಚೀಲದ ಮೇಲೆ 60 ಎಂದು ಬರೆದಿರುವುದು ಆಕ್ಸೈಡಿನ ಪಾಲು. ಅದನ್ನೇ ಶುದ್ಧ ಪೊಟ್ಯಾಸಿಯಂ ಎಂದು ಹಿಡಿದರೆ ಪ್ರಮಾಣ ಆರರಲ್ಲೊಂದು ಪಾಲು ಕಡಿಮೆ ಬೀಳುತ್ತದೆ. ಕೃಷಿ ಪ್ರಯೋಗದಲ್ಲಿ ಅತಿ ಸಾಮಾನ್ಯ ತಪ್ಪು ಇದು.

ಹಾಕುವ ಕ್ರಮದಲ್ಲಿ ಮೂರು ಎಚ್ಚರ. ಒಂದೇ ಸಲ ಸುರಿಯಬಾರದು. ಮರಳು ಮಣ್ಣು ಅಷ್ಟನ್ನು ಹಿಡಿದಿಡಲಾರದು, ಮಳೆಗೆ ಕೆಳಗಿಳಿಯುತ್ತದೆ, ಒಣ ತಿಂಗಳಲ್ಲಾದರೆ ಉಪ್ಪು ನಿಂತು ಬೇರು ಸುಡುತ್ತದೆ. ಉತ್ತರ ಮಾರ್ಷಲ್‌ನಲ್ಲಿ ವರ್ಷದ ಮೊದಲ ತಿಂಗಳುಗಳು ಒಣ, ಮಳೆ ಶುರುವಾದ ಮೇಲೆಯೇ ಹಾಕಬೇಕು. ಬುಡದ ಪಾತಿಗೆ ಮಾತ್ರ ಹಾಕಿದರೂ ಸಾಲದು. ಒಂದು ಮರದ ಬೇರು ಇನ್ನೊಂದರ ಜಾಗಕ್ಕೆ ಹೋಗಿರುತ್ತದೆ, ನಡುವೆ ಜೀಗುಜ್ಜೆ, ಪಪ್ಪಾಯಿ ಇರುತ್ತವೆ, ಆದ್ದರಿಂದ ಇಡೀ ನೆಲಕ್ಕೆ ಎರಚಬೇಕು. ಮೂರನೆಯದು, ಪೊಟ್ಯಾಷ್ ಬದಲಿಗೆ ಅಲ್ಲಿಯದೇ ತೆಂಗಿನ ಸಿಪ್ಪೆಯ ಬೂದಿ ಬಳಸುವ ಆಸೆ. ನಮ್ಮಲ್ಲಿ ಅದು ಒಳ್ಳೆಯ ಗೊಬ್ಬರವೇ. ಅಲ್ಲಿ ಸಿಪ್ಪೆಯಲ್ಲಿ ಪೊಟ್ಯಾಸಿಯಂ ಜೊತೆ ಸೀಸಿಯಂ ಕೂಡ ಇದೆ, ಸುಟ್ಟರೆ ಎರಡೂ ಬೂದಿಯಲ್ಲಿ ಸಾಂದ್ರವಾಗುತ್ತವೆ.

ಪರಿಣಾಮ ಅಳೆಯುವಾಗ ಆಗುವ ತಪ್ಪುಗಳು ಇನ್ನೂ ಹೆಚ್ಚು. ಹೂ ಬಿಟ್ಟು ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಗೊಬ್ಬರ ಹಾಕಿದ ದಿನ ಮರದಲ್ಲಿ ಅರ್ಧ ಬಲಿತ ಗೊನೆಗಳಿರುತ್ತವೆ, ಅವುಗಳಲ್ಲಿ ಹಳೆಯ ಸೀಸಿಯಂ ಆಗಲೇ ಸೇರಿರುತ್ತದೆ. ಅವನ್ನು ಕಿತ್ತು ಅಳೆದು "ಗೊಬ್ಬರ ಕೆಲಸ ಮಾಡಲಿಲ್ಲ" ಎಂದರೆ ತಪ್ಪು ತೀರ್ಮಾನ. ಪ್ರತಿ ಸಲವೂ ಒಂದೇ ವಯಸ್ಸಿನ, ಏಳು ತಿಂಗಳ ಆಸುಪಾಸಿನ ಎಳನೀರು ಕಾಯಿಯನ್ನೇ ಕೀಳಬೇಕು. ನೀರು, ಗಂಜಿ ಬೇರೆ ಬೇರೆ ಅಳೆಯಬೇಕು. ಒಣ ತೂಕಕ್ಕೋ ಹಸಿ ತೂಕಕ್ಕೋ ಎಂದು ಬರೆಯಬೇಕು, ಎಳೆ ಗಂಜಿಯಲ್ಲಿ ಬಹುಪಾಲು ನೀರೇ ಆದ್ದರಿಂದ ಇದೊಂದು ಮರೆತರೆ ಅಂಕಿ ಕೆಲವು ಪಟ್ಟು ಏರುಪೇರಾಗುತ್ತದೆ. ಮಣ್ಣನ್ನು 0–5, 5–10, 10–15, 15–25, 25–40, 40–60 ಸೆಂ.ಮೀ. ಎಂದು ಪದರ ಪದರವಾಗಿ ತೆಗೆಯಬೇಕು. ತೆಗೆಯುವಾಗ ಮೇಲಿನ ಕಪ್ಪು ಪುಡಿ ಕೆಳಗಿನ ಬಿಳಿ ಮರಳಿಗೆ ಉದುರಿದರೆ ಆಳದಲ್ಲೂ ಸೀಸಿಯಂ ಇದೆಯೆಂಬ ಸುಳ್ಳು ಚಿತ್ರ ಬರುತ್ತದೆ. ಪಕ್ಕಪಕ್ಕದ ಎರಡು ಮರಗಳ ನಡುವೆಯೇ ಬಹಳ ಅಂತರ ಇರುವುದರಿಂದ ಒಂದು ಮರದ ಅಂಕಿಯನ್ನು ನಂಬಬಾರದು.

ಅಂತಿಮವಾಗಿ ಅಳೆಯಬೇಕಾದದ್ದು ಮನುಷ್ಯರನ್ನು. ಸೀಸಿಯಂ-137 ಕ್ಷಯಿಸಿದಾಗ ಬರುವ ಗಾಮಾ ಕಿರಣದ ಶಕ್ತಿ 662 ಕಿಲೋ ಎಲೆಕ್ಟ್ರಾನ್ ವೋಲ್ಟ್. ಕುರ್ಚಿಯ ಮುಂದೆ ದೊಡ್ಡ ಸೋಡಿಯಂ ಅಯೋಡೈಡ್ ಹರಳು ಇಟ್ಟು ಕೆಲವು ನಿಮಿಷ ಕೂರಿಸಿದರೆ ಮೈಯೊಳಗೆ ಎಷ್ಟಿದೆ ಎಂದು ಗೊತ್ತಾಗುತ್ತದೆ. ಪಕ್ಕದಲ್ಲಿ 1,460ರಲ್ಲಿ ಪೊಟ್ಯಾಸಿಯಂ-40ರ ಗೆರೆ ಕಾಣಬೇಕು, ಅದು ಎಲ್ಲರ ಮೈಯಲ್ಲೂ ನೈಸರ್ಗಿಕವಾಗಿ ಸುಮಾರು 4,000 ಬೆಕೆರೆಲ್ (ಸೆಕೆಂಡಿಗೆ ಅಷ್ಟು ಕ್ಷಯ) ಇರುತ್ತದೆ. ಅದು ಕಾಣದಿದ್ದರೆ ಯಂತ್ರ ಸರಿಯಿಲ್ಲ. ಬಟ್ಟೆಗೆ ಧೂಳು ಅಂಟಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ, ಸ್ನಾನ ಮಾಡಿಸಿ ಬೇರೆ ಬಟ್ಟೆ ಕೊಟ್ಟೇ ಕೂರಿಸಬೇಕು. ಮುಂದೆ ಎನಿವೆಟಾಕ್, ರೊಂಗೆಲಾಪ್, ಮಜುರೊಗಳಲ್ಲಿ ಇಂಥ ಕೇಂದ್ರಗಳಾಗಿ ಸ್ಥಳೀಯರೇ ಅವನ್ನು ನಡೆಸುವಂತಾಯಿತು.

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 1998ರಲ್ಲಿ ಬಿಕಿನಿಯ ಬಗ್ಗೆ ವರದಿ ಕೊಟ್ಟಿತು. ಪೂರ್ತಿ ಸ್ಥಳೀಯ ಊಟ ಮಾಡಿದರೆ ವರ್ಷಕ್ಕೆ ಸುಮಾರು 15 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಹಡಗಿನ ಆಹಾರವೂ ಬೆರೆತರೆ ಸುಮಾರು 4. ಪೊಟ್ಯಾಷ್‌ನಿಂದ ಫಸಲಿನ ಸೀಸಿಯಂ ನೂರಕ್ಕೆ ಐದಕ್ಕೆ ಇಳಿದರೆ ಅವೇ ಅಂಕಿ ಸುಮಾರು 1.2 ಮತ್ತು 0.4. ಹಾಗಾಗಿ ಅವರು ಹೇಳಿದ್ದು: ಇದ್ದ ಸ್ಥಿತಿಯಲ್ಲಿ ಕಾಯಂ ವಾಸ ಬೇಡ, ಪೊಟ್ಯಾಷ್ ಕೊಟ್ಟು ಅಳೆಯುತ್ತ ಹೋಗಿ. ಮನೆಯ ಸುತ್ತ ಮಾತ್ರ ಮೇಲ್ಮಣ್ಣು ತೆಗೆದು ಹವಳದ ಜಲ್ಲಿ ಹಾಸುವುದು ಇದರ ಜೊತೆಗಿನ ಕೆಲಸ. ಮಕ್ಕಳು ಆಡುವ ಜಾಗದಲ್ಲಿ ಧೂಳೂ ಕಡಿಮೆ, ಗಾಮಾ ಕಿರಣವೂ ಕಡಿಮೆ. ಅಂಗಳಕ್ಕೆ ಹವಳದ ಜಲ್ಲಿ ಹಾಕುವುದು ಮಾರ್ಷಲ್ ಜನರ ಹಳೆಯ ಪದ್ಧತಿಯೇ ಆದ್ದರಿಂದ ಇದನ್ನು ಯಾರಿಗೂ ಕಲಿಸಬೇಕಾಗಲಿಲ್ಲ. 1985ರಲ್ಲಿ ಊರು ಬಿಟ್ಟು ಮೆಜಾಟೊಗೆ ಹೋಗಿದ್ದ ರೊಂಗೆಲಾಪ್‌ನವರ ಹಳ್ಳಿಯನ್ನು ಮತ್ತೆ ಕಟ್ಟುವಾಗ ಜಲ್ಲಿ, ಪೊಟ್ಯಾಷ್ ಎರಡನ್ನೂ ಬಳಸಿದರು.

ಸಭೆಯಿಂದ ಎರಡು ಪ್ರಶ್ನೆ ಬಂದವು.

ಮೊದಲನೆಯದು: ಮೂವತ್ತು ವರ್ಷದ ಅರ್ಧಾಯುಷ್ಯ ಎಂದಿರಿ, ಹಾಗಾದರೆ ಕಾಯುವುದೊಂದೇ ದಾರಿಯೇ? ಇಲ್ಲ, ಮಳೆಯೂ ಕೆಲಸ ಮಾಡುತ್ತಿದೆ. ಹಿಡಿದಿಡಲು ಜೇಡಿ ಇಲ್ಲದ ಕಾರಣ ಕರಗಿದ ಸೀಸಿಯಂ ನೀರಿನೊಂದಿಗೆ ಕೆಳಗಿಳಿದು ಸಮುದ್ರ ಸೇರುತ್ತದೆ. ರಾಬಿಸನ್ ತಂಡ ಕಾಯಿ-ಎಲೆಗಳನ್ನು ವರ್ಷಾನುಗಟ್ಟಲೆ ಅಳೆದು ತೆಗೆದ ಲೆಕ್ಕದಲ್ಲಿ, ಕ್ಷಯ ಮತ್ತು ಮಳೆ ಎರಡೂ ಸೇರಿ ಪರಿಣಾಮಕಾರಿ ಅರ್ಧಾಯುಷ್ಯ ಸುಮಾರು 8.5 ವರ್ಷ. ಬರೀ ಕ್ಷಯವಾದರೆ 40 ವರ್ಷದಲ್ಲಿ ನೂರಕ್ಕೆ 40 ಉಳಿಯುತ್ತದೆ, ಈ ಲೆಕ್ಕದಲ್ಲಿ 4. ಆದರೆ ಇದು ಸರಾಸರಿ. ಕೊಲಂಬಿಯಾ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಬಿಕಿನಿ ದ್ವೀಪದ ಗಾಮಾ ಮಟ್ಟ ಅಮೆರಿಕ ಮತ್ತು ಮಾರ್ಷಲ್ ದ್ವೀಪಗಳ ಸರಕಾರ ಒಪ್ಪಿಕೊಂಡ ಮಿತಿಗಿಂತ ಮೇಲೆಯೇ ಇತ್ತು. 2019ರ ಅಳತೆಯಲ್ಲಿ ಅಲ್ಲಿಯ ಕೆಲವು ಹಣ್ಣುಗಳಲ್ಲಿ ಸೀಸಿಯಂ ಕೂಡ ಮಿತಿ ದಾಟಿತ್ತು.

ಎರಡನೆಯದು: ಒಬ್ಬ ಪ್ರವಾಸಿ ಅಲ್ಲಿ ಒಂದು ಎಳನೀರು ಕುಡಿದರೆ? ಉದಾಹರಣೆಗೆ ಗಂಜಿಯ ಕಿಲೋಗೆ 1,000 ಬೆಕೆರೆಲ್ ಇದೆಯೆಂದು ಹಿಡಿಯಿರಿ. ಒಮ್ಮೆ 200 ಗ್ರಾಂ ತಿಂದರೆ 200 ಬೆಕೆರೆಲ್. ವಯಸ್ಕರಿಗೆ ಪ್ರತಿ ಬೆಕೆರೆಲ್‌ಗೆ 0.013 ಮೈಕ್ರೋಸೀವರ್ಟ್, ಒಟ್ಟು 2.6 ಮೈಕ್ರೋಸೀವರ್ಟ್, ಲೆಕ್ಕಕ್ಕೇ ಬಾರದ್ದು. ಅದನ್ನೇ ದಿನಾ ತಿಂದರೆ ವರ್ಷಕ್ಕೆ 73,000 ಬೆಕೆರೆಲ್, ಹತ್ತಿರ ಹತ್ತಿರ 1 ಮಿಲಿಸೀವರ್ಟ್. ದೇಹದಿಂದ ಸೀಸಿಯಂ ಅರ್ಧ ಹೊರಗೆ ಹೋಗಲು ಸುಮಾರು 110 ದಿನ ಬೇಕಾದ್ದರಿಂದ, ಅಷ್ಟು ತಿನ್ನುವವರ ಮೈಯಲ್ಲಿ ಯಾವಾಗಲೂ 30,000 ಬೆಕೆರೆಲ್ ಚಿಲ್ಲರೆ ನಿಂತಿರುತ್ತದೆ. ತಿನ್ನುವುದನ್ನು ಬಿಟ್ಟರೆ ವರ್ಷದೊಳಗೆ ಅದು ಹತ್ತನೆಯ ಒಂದಕ್ಕೆ ಇಳಿಯುತ್ತದೆ.